ಸಹಿ ಹಾಕಿದ ಕೈ ಪುಸ್ತಕದಲ್ಲಿ ಏಕೆ ಕಾಣುವುದಿಲ್ಲ?

ಪ್ರಶ್ನೆ: ನಿವೃತ್ತ ಅಧಿಕಾರಿಗಳು ಬರೆದ ಸೇವಾ ನೆನಪುಗಳ ಪುಸ್ತಕಗಳನ್ನು ಕೆಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತಿದ್ದೇನೆ. ಪ್ರತಿ ಪುಸ್ತಕ ಮುಗಿಸಿದಾಗಲೂ ಬರೆದವರೊಬ್ಬರೇ ಸರಿ, ಉಳಿದವರೆಲ್ಲ ತಪ್ಪು ಎಂಬ ಭಾವನೆ ಉಳಿಯುತ್ತದೆ. ಒಂದೇ ಘಟನೆಯ ಬಗ್ಗೆ ಇಬ್ಬರು ಬರೆದದ್ದನ್ನು ಓದಿದರೆ ಯಾರನ್ನು ನಂಬುವುದೆಂದು ತಿಳಿಯುವುದಿಲ್ಲ. ಇಂಥ ಪುಸ್ತಕಗಳ ಮುಖ್ಯ ಕೊರತೆ ಯಾವುದು? 1978ರಲ್ಲಿ ಕಂದಾಯ ಇಲಾಖೆಗೆ ಸೇರಿ ತಹಶೀಲ್ದಾರರಾಗಿ ನಿವೃತ್ತರಾದ ನನ್ನ ಅಣ್ಣ ಈಗ ತಮ್ಮ ನೆನಪುಗಳನ್ನು ಬರೆಯಲು ಕುಳಿತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಆದರೆ ಅದನ್ನು ‘ಇವರೆಲ್ಲ ಸುಳ್ಳು ಬರೆಯುತ್ತಾರೆ’ ಎಂಬ ತೀರ್ಮಾನಕ್ಕೆ ಒಯ್ಯಬೇಡಿ. ಆಡಳಿತದ ಇತಿಹಾಸವನ್ನು ಕಲಿಸುತ್ತ, ಪತ್ರಾಗಾರಗಳಲ್ಲಿ ಹಳೆಯ ಕಡತಗಳನ್ನು ಬಿಡಿಸಿ ಓದುತ್ತ ಕಳೆದ ವರ್ಷಗಳಲ್ಲಿ ಇಂಥ ಪುಸ್ತಕಗಳನ್ನು ನಾನು ಬಹಳಷ್ಟು ಓದಿದ್ದೇನೆ. ಬೇಕೆಂದೇ ಹೆಣೆದ ಸುಳ್ಳು ಅವುಗಳಲ್ಲಿ ಕಡಿಮೆ. ಅಧಿಕಾರಿಯೊಬ್ಬರು ಮೂವತ್ತು ಮೂವತ್ತೈದು ವರ್ಷ ಮಾಡಿದ ಕೆಲಸದ ತಿರುಳೆಂದರೆ ಸಹಿ ಹಾಕಿದ್ದು. ಮಂಜೂರು ಮಾಡಿದ್ದು, ತಿರಸ್ಕರಿಸಿದ್ದು, ಬಂಧಿಸಲು ಆದೇಶಿಸಿದ್ದು, ತೆರವು ಮಾಡಿಸಿದ್ದು, ಎಲ್ಲವೂ ಆ ಸಹಿಯಿಂದಲೇ ಆದದ್ದು. ಪುಸ್ತಕದಲ್ಲಾದರೋ ಅವರು ಕೊಟ್ಟ ಸಲಹೆ ಸಿಗುತ್ತದೆ, ವ್ಯಕ್ತಪಡಿಸಿದ ಭಿನ್ನಾಭಿಪ್ರಾಯ ಸಿಗುತ್ತದೆ, ಕಂಡ ದೊಡ್ಡವರ ಚಿತ್ರ ಸಿಗುತ್ತದೆ. ಸಹಿ ಮಾತ್ರ ಸಿಗುವುದಿಲ್ಲ. ನನ್ನ ಮಟ್ಟಿಗೆ ಇದೇ ಮುಖ್ಯ ಕೊರತೆ. ನೆನಪಿನ ಮಬ್ಬು, ಕಾನೂನಿನ ಕಟ್ಟು, ತೀರಿಕೊಂಡವರ ಮೇಲೆ ಹೊರಿಸುವ ಮಾತು ಮುಂತಾದ ಉಳಿದ ಕೊರತೆಗಳು ಇದರ ಸುತ್ತ ಬೆಳೆದಿವೆ.

ಮೊದಲು ನೆನಪಿನ ಮಾತು. ಇದಕ್ಕೆ ವಿ.ಪಿ. ಮೆನನ್ ಅವರ ಉದಾಹರಣೆಗಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಗುಮಾಸ್ತರಾಗಿ ಸರ್ಕಾರಿ ಸೇವೆಗೆ ಸೇರಿ, ಸರ್ದಾರ್ ಪಟೇಲರ ಬಲಗೈಯಾಗಿ, ಐದುನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಕ್ಕೂಟದೊಳಗೆ ತಂದ ಈ ಅಸಾಧಾರಣ ಅಧಿಕಾರಿ ನಿವೃತ್ತಿಯ ನಂತರ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. ಸಂಸ್ಥಾನಗಳ ವಿಲೀನದ ಬಗ್ಗೆ ಅವರು ಬರೆದ ಪುಸ್ತಕ 1956ರಲ್ಲಿ ಪ್ರಕಟವಾಯಿತು. ಕಾಶ್ಮೀರದ ಅಧ್ಯಾಯದಲ್ಲಿ ಅವರು ಹೇಳುವುದು ಹೀಗೆ: 1947ರ ಅಕ್ಟೋಬರ್ 25ರಂದು ತಾವು ಶ್ರೀನಗರಕ್ಕೆ ಹೋದದ್ದು, 26ರಂದು ದೆಹಲಿಗೆ ಮರಳಿ ರಕ್ಷಣಾ ಸಮಿತಿಗೆ ವರದಿ ಕೊಟ್ಟದ್ದು, ಅದೇ ದಿನ ಸಂಸ್ಥಾನದ ಪ್ರಧಾನಿ ಮೆಹರ್ ಚಂದ್ ಮಹಾಜನರ ಜೊತೆ ಜಮ್ಮುವಿಗೆ ಹಾರಿ ಮಹಾರಾಜ ಹರಿಸಿಂಗರನ್ನು ನಿದ್ದೆಯಿಂದ ಎಬ್ಬಿಸಿ, ಸಂಸ್ಥಾನವನ್ನು ಭಾರತಕ್ಕೆ ಸೇರಿಸುವ ಒಪ್ಪಂದಪತ್ರಕ್ಕೆ ಸಹಿ ಪಡೆದದ್ದು, ಸಂಜೆಗೆ ದೆಹಲಿ ತಲುಪಿದಾಗ ವಿಮಾನ ನಿಲ್ದಾಣದಲ್ಲಿ ಪಟೇಲರು ಕಾಯುತ್ತಿದ್ದದ್ದು. ಮೆನನ್ ಮರಳಿ ಬಾರದಿದ್ದರೆ ತಮ್ಮನ್ನು ನಿದ್ದೆಯಲ್ಲಿಯೇ ಗುಂಡಿಟ್ಟು ಕೊಲ್ಲಬೇಕೆಂದು ಮಹಾರಾಜರು ತಮ್ಮ ಅಂಗರಕ್ಷಕ ಅಧಿಕಾರಿಗೆ ಹೇಳಿದ್ದರೆಂಬ ಪ್ರಸಿದ್ಧ ಮಾತು ಬರುವುದೂ ಇಲ್ಲಿಯೇ. ಓದಿದವರು ಮರೆಯಲಾಗದ ಪುಟಗಳಿವು.

ಈಗ ಮಹಾಜನರನ್ನು ಕೇಳೋಣ. ಬೆಳಗಾವಿ ಗಡಿ ವಿಷಯದ ಆಯೋಗದಿಂದಾಗಿ ಕನ್ನಡಿಗರಿಗೆ ಚಿರಪರಿಚಿತರಾದವರು ಇವರೇ. ಆ ಹೊತ್ತಿಗೆ ಅವರು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿ ನಿವೃತ್ತರಾಗಿದ್ದರು. 1963ರಲ್ಲಿ ಬಂದ ಅವರ ಆತ್ಮಕಥೆಯ ಪ್ರಕಾರ 26ರ ರಾತ್ರಿ ಅವರು ದೆಹಲಿಯಲ್ಲಿಯೇ ಉಳಿದಿದ್ದರು. ಮೆನನ್ ಜೊತೆ ಜಮ್ಮುವಿಗೆ ಹೋದದ್ದು 27ರಂದು, ಭಾರತದ ಸೈನಿಕರು ಶ್ರೀನಗರದಲ್ಲಿ ಇಳಿದ ನಂತರ. ಬ್ರಿಟಿಷ್ ಹೈಕಮಿಷನ್ನಿನ ಅಧಿಕಾರಿ ಅಲೆಕ್ಸಾಂಡರ್ ಸೈಮನ್ ಆ ದಿನವೇ ಬರೆದಿಟ್ಟ ಟಿಪ್ಪಣಿಯಲ್ಲಿಯೂ 26ರ ಸಂಜೆ ಮೆನನ್ ದೆಹಲಿಯಲ್ಲಿದ್ದರೆಂದೇ ಇದೆ. ಮೆನನ್ ಜೊತೆ 25ರಂದು ಶ್ರೀನಗರಕ್ಕೆ ಹೋಗಿದ್ದ, ಆಗ ಕರ್ನಲ್ ಆಗಿದ್ದ ಸ್ಯಾಮ್ ಮಾಣೆಕ್‌ಷಾ ಅವರು ಹಲವು ದಶಕಗಳ ನಂತರ ನೆನಪಿಸಿಕೊಂಡಾಗ, ಸಹಿ ಬಿದ್ದದ್ದು ಶ್ರೀನಗರದ ಅರಮನೆಯಲ್ಲಿ, ಆ ರಾತ್ರಿಯೇ ಎಂದರು. ಹೀಗೆ ಒಂದೇ ಸಹಿಗೆ ಮೂರು ಸ್ಥಳಕಾಲಗಳು ಹುಟ್ಟಿಕೊಂಡವು. ಹೇಳಿದ ಮೂವರೂ ಗೌರವಾನ್ವಿತರು, ಮೂವರೂ ಆ ದಿನಗಳ ನಡುವೆ ನಿಂತಿದ್ದವರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಹಾರಾಜರು ಸಹಿ ಮಾಡಿದ್ದರಲ್ಲಿ ನನಗೆ ಸಂದೇಹವಿಲ್ಲ. ಅವರ ಪತ್ರದ ಮೇಲೆ 26ರ ತಾರೀಖಿದೆ, ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ನರ ಸ್ವೀಕೃತಿಯ ಮೇಲೆ 27ರದ್ದಿದೆ. ಚರ್ಚೆ ಇರುವುದು ಗಂಟೆಗಳ ಬಗ್ಗೆ. ಆದರೆ ಸೈನ್ಯ ಇಳಿಯುವ ಮೊದಲು ಸಹಿ ಬಿದ್ದಿತೇ, ನಂತರವೇ ಎಂಬ ವಾದ ಆ ಗಂಟೆಗಳ ಮೇಲೆಯೇ ನಿಂತಿರುವುದರಿಂದ ಅವು ಸಣ್ಣವಲ್ಲ. ಮೆನನ್ ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಸರ್ಕಾರ ಹೊರಗೆ ಹೇಳಿದ ಕ್ರಮವನ್ನು ಅವರು ಒಂಬತ್ತು ವರ್ಷಗಳಲ್ಲಿ ಎಷ್ಟೋ ಬಾರಿ ಹೇಳಿರಬೇಕು, ಬರೆದಿರಬೇಕು. ಕೊನೆಗೆ ಕಡತದ ಕ್ರಮವೇ ನೆನಪಿನ ಕ್ರಮವಾಗಿ ಕುಳಿತಿರಬೇಕು. ಅಧಿಕಾರಿಗಳ ನೆನಪಿಗೆ ವಿಶೇಷವಾಗಿ ಬರುವ ರೋಗ ಇದು. ನಮ್ಮ ನಿಮ್ಮ ನೆನಪು ಕಾಲ ಕಳೆದಂತೆ ಮಾಸುತ್ತದೆ. ಅವರ ನೆನಪು ಮಾಸುವ ಬದಲು, ತಾವೇ ಸಿದ್ಧಪಡಿಸಿದ ಅಧಿಕೃತ ವಿವರಣೆಯ ಅಚ್ಚಿಗೆ ಇಳಿಯುತ್ತದೆ. ಆದ್ದರಿಂದಲೇ ತಾರೀಖು, ಗಂಟೆ, ವಿಮಾನದ ಹೆಸರು ಎಲ್ಲ ಖಚಿತವಾಗಿ ಹೇಳಿದ ಪುಟ ಹೆಚ್ಚು ನಂಬಲರ್ಹ ಎಂಬ ಸಾಮಾನ್ಯ ನಿಯಮ ಇಲ್ಲಿ ಕೆಲಸಕ್ಕೆ ಬಾರದು.

ಒಂದೇ ಘಟನೆಯನ್ನು ಇಬ್ಬರು ಬೇರೆಬೇರೆಯಾಗಿ ಬರೆದಾಗ ಯಾರನ್ನು ನಂಬಬೇಕೆಂದು ಕೇಳಿದ್ದೀರಿ. 1962ರ ಚೀನಾ ಯುದ್ಧದ ಪುಸ್ತಕಗಳು ಈ ಪ್ರಶ್ನೆಯ ದೊಡ್ಡ ರೂಪ. ನಾಲ್ಕನೆಯ ಕೋರ್‌ನ ದಂಡನಾಯಕರಾಗಿದ್ದ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ 1967ರಲ್ಲಿ ಬರೆದರು. ನಾಮ್ಕಾ ಚು ದಂಡೆಯಲ್ಲಿ ಏಳನೆಯ ಬ್ರಿಗೇಡ್ ಮುನ್ನಡೆಸಿ ಚೀನೀಯರಿಗೆ ಸೆರೆಸಿಕ್ಕ ಬ್ರಿಗೇಡಿಯರ್ ಜಾನ್ ದಳವಿ 1969ರಲ್ಲಿ ಬರೆದರು. ರವಿ ಬೆಳಗೆರೆಯವರ ಅನುವಾದದಿಂದ ‘ಹಿಮಾಲಯನ್ ಬ್ಲಂಡರ್’ ಕನ್ನಡದ ಮನೆಮನೆಗೂ ಬಂದದ್ದು ನಿಮಗೆ ಗೊತ್ತೇ ಇದೆ. ಗುಪ್ತಚರ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎನ್. ಮಲ್ಲಿಕ್ 1971ರಲ್ಲಿ ಬರೆದರು. ಸೇನಾ ಕಾರ್ಯಾಚರಣೆಗಳ ನಿರ್ದೇಶಕರಾಗಿದ್ದ ಡಿ.ಕೆ. ಪಾಲಿತ್ 1991ರಲ್ಲಿ ಬರೆದರು. ಇವನ್ನು ಒಂದಾದ ಮೇಲೊಂದು ಓದಿದರೆ ಹೊಣೆ ಎಂಬುದು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಕಡತದಂತೆಯೇ ಚಲಿಸುತ್ತದೆ. ದೆಹಲಿಯ ಮೂಢತನದಿಂದ ಸೈನಿಕರು ಸತ್ತರೆಂದು ದಳವಿ ಸಂಕಟದಿಂದ ಬರೆಯುತ್ತಾರೆ. ತಮ್ಮ ಇಲಾಖೆ ಬೇಕಾದ ಮಾಹಿತಿಯನ್ನು ಕೊಟ್ಟೇ ಇತ್ತೆಂದು ಮಲ್ಲಿಕ್ ವಾದಿಸುತ್ತಾರೆ. ಕೌಲ್ ತಮ್ಮ ಮೇಲೆ ಬಂದ ಆರೋಪಗಳಿಗೆ ಪುಟಗಟ್ಟಲೆ ಉತ್ತರ ಕೊಡುತ್ತಾರೆ.

ಇವುಗಳಲ್ಲಿ ದಳವಿಯವರ ಪುಸ್ತಕ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಮಾಡಿದ್ದು. ಅವರು ನದಿಯ ದಂಡೆಯಲ್ಲಿ ತಮ್ಮ ಜನರೊಡನೆ ಇದ್ದವರು, ಏಳು ತಿಂಗಳು ಸೆರೆಯಲ್ಲಿದ್ದವರು. ನಾಮ್ಕಾ ಚು ಕಣಿವೆಯಲ್ಲಿ ಚಳಿಗಾಲದ ಬಟ್ಟೆಯಿಲ್ಲದೆ ನಿಂತ ಸೈನಿಕರ ಬಗ್ಗೆ ಅವರು ಹೇಳಿದ್ದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಆದರೆ ದೆಹಲಿಯ ಕೋಣೆಯಲ್ಲಿ ಯಾರು ಏನು ಹೇಳಿದರೆಂದು ಅವರು ಬರೆದ ಪುಟಗಳನ್ನು ಅದೇ ನಂಬಿಕೆಯಿಂದ ಓದಲಾರೆ, ಅಲ್ಲಿ ಅವರಿರಲಿಲ್ಲ. ನೀವು ಬಳಸಬಹುದಾದ ಅಳತೆಗೋಲು ಇದೇ: ಬರೆದವರು ಆ ಹೊತ್ತಿನಲ್ಲಿ ಎಲ್ಲಿದ್ದರು ಎಂದು ಪ್ರತಿ ಪುಟದಲ್ಲಿಯೂ ಕೇಳಿಕೊಳ್ಳಿ. ಒಂದೇ ಪುಸ್ತಕದ ಒಂದು ಅಧ್ಯಾಯ ಕಣ್ಣಾರೆ ಕಂಡ ಸಾಕ್ಷಿಯಾಗಿರುತ್ತದೆ, ಮುಂದಿನ ಅಧ್ಯಾಯ ಕೇಳಿದ ಮಾತಾಗಿರುತ್ತದೆ, ಎರಡರ ಧ್ವನಿಯೂ ಒಂದೇ ಆಗಿರುತ್ತದೆ. ಇಡೀ ಪುಸ್ತಕವನ್ನು ನಂಬುವುದೋ ಬಿಡುವುದೋ ಎಂಬ ಆಯ್ಕೆ ಓದುಗರ ಮುಂದಿಲ್ಲ. ಪುಟಪುಟಕ್ಕೂ ಬೇರೆ ಬೇರೆ ನಂಬಿಕೆ ಬೇಕು.

ಈ ಪುಸ್ತಕಗಳಿಗೆ ಇಷ್ಟು ಅಧಿಕಾರ ಬಂದದ್ದಕ್ಕೆ ಸರ್ಕಾರದ ಪಾಲೂ ಇದೆ. 1962ರ ಸೋಲಿನ ಬಗ್ಗೆ ಸೇನೆಯೇ ನಡೆಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ಪರಿಶೀಲನೆಯ ವರದಿ 1963ರಲ್ಲಿ ಸಲ್ಲಿಕೆಯಾಯಿತು. ಅದನ್ನು ಗೋಪ್ಯವೆಂದು ಇಟ್ಟುಕೊಂಡರು. 2014ರಲ್ಲಿ ಅದರ ಒಂದು ಭಾಗ ಬೆಳಕಿಗೆ ಬಂದದ್ದು ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪತ್ರಕರ್ತರಿಂದ, ಸರ್ಕಾರದಿಂದಲ್ಲ. ಮೂಲ ದಾಖಲೆಯನ್ನು ಬೀಗದೊಳಗೆ ಇಟ್ಟರೆ, ಹೊಣೆಗಾರರಾಗಿದ್ದವರ ಸಮರ್ಥನೆಯೇ ದೇಶದ ಇತಿಹಾಸವಾಗುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ವ್ಯವಸ್ಥೆಯಂತೆ ಇಪ್ಪತ್ತೈದು ವರ್ಷ ದಾಟಿದ ಕೇಂದ್ರ ಸರ್ಕಾರದ ಕಡತಗಳು ಸಾಮಾನ್ಯವಾಗಿ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ಹೋಗುವುದು ಬಹಳ ನಿಧಾನ. ಅಷ್ಟರಲ್ಲಿ ಪುಸ್ತಕ ಮೂರನೆಯ ಮುದ್ರಣ ಕಂಡಿರುತ್ತದೆ.

ಮತ್ತೆ ಸಹಿಯ ಮಾತಿಗೆ ಬರುತ್ತೇನೆ. ಸಚಿವಾಲಯದ ಬರವಣಿಗೆಯನ್ನು ಗಮನಿಸಿದ್ದೀರಾ? ವಿಷಯ ನಿರ್ವಾಹಕರು ಟಿಪ್ಪಣಿ ಮಂಡಿಸುತ್ತಾರೆ, ಶಾಖಾಧಿಕಾರಿ ಒಂದು ಸಾಲು ಸೇರಿಸುತ್ತಾರೆ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಎಂದು ಕಡತ ಮೇಲೇರುತ್ತದೆ, ಕೊನೆಗೆ ‘ತೀರ್ಮಾನಿಸಲಾಗಿದೆ’, ‘ಆದೇಶಿಸಲಾಗಿದೆ’ ಎಂದು ಹೊರಬರುತ್ತದೆ. ಯಾರು ತೀರ್ಮಾನಿಸಿದರು ಎಂಬುದು ವಾಕ್ಯದಲ್ಲಿ ಇರುವುದಿಲ್ಲ. ಆಡಳಿತಕ್ಕೆ ಅದು ಬೇಕು. ಆದೇಶ ಸರ್ಕಾರದ್ದು, ವ್ಯಕ್ತಿಯದಲ್ಲ. ಆದರೆ ಮೂವತ್ತು ವರ್ಷ ಆ ಭಾಷೆಯಲ್ಲಿ ಬರೆದ ಕೈ ನೆನಪುಗಳನ್ನೂ ಹಾಗೆಯೇ ಬರೆಯುತ್ತದೆ. ಒಳ್ಳೆಯದಾದ ಕಡೆ ‘ನಾನು ಮಾಡಿದೆ’, ಕೆಟ್ಟದ್ದಾದ ಕಡೆ ‘ಮಾಡಲಾಯಿತು’. ಮುಂದಿನ ಪುಸ್ತಕ ಓದುವಾಗ ಪೆನ್ಸಿಲ್ ಹಿಡಿದು ಈ ಎರಡು ಬಗೆಯ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ. ಬರೆದವರು ಎಲ್ಲಿ ತಮ್ಮ ಕುರ್ಚಿಯಿಂದ ಎದ್ದುಹೋದರೆಂದು ಆ ಗೆರೆಗಳೇ ತೋರಿಸುತ್ತವೆ.

ತುರ್ತು ಪರಿಸ್ಥಿತಿಯಲ್ಲಿ ಇದು ನೋವಾಗುವಷ್ಟು ಸ್ಪಷ್ಟವಾಗಿ ಕಾಣುತ್ತದೆ. 1975ರಿಂದ 1977ರವರೆಗೆ ಆಂತರಿಕ ಭದ್ರತಾ ಕಾಯ್ದೆಯ ಅಡಿಯಲ್ಲಿಯೂ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿಯೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನರು ಬಂಧನಕ್ಕೊಳಗಾದರೆಂದು ನ್ಯಾಯಮೂರ್ತಿ ಷಾ ಆಯೋಗ ಲೆಕ್ಕ ಕೊಟ್ಟಿದೆ. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿದ್ದು ಬೆಂಗಳೂರಿನಲ್ಲಿಯೇ. ಆಂತರಿಕ ಭದ್ರತಾ ಕಾಯ್ದೆಯ ಪ್ರತಿ ಬಂಧನಕ್ಕೂ ಒಂದು ಆದೇಶ ಬೇಕು, ಪ್ರತಿ ಆದೇಶಕ್ಕೂ ಅಧಿಕಾರಿಯೊಬ್ಬರ ಸಹಿ ಬೇಕು. ಕಾರಣಗಳನ್ನು ಪರಿಶೀಲಿಸದೆ ಸಹಿ ಮಾಡಿದ ಆದೇಶಗಳೂ, ಹಿಂದಿನ ತಾರೀಖು ಹಾಕಿ ಸಿದ್ಧಪಡಿಸಿದ ಆದೇಶಗಳೂ ಇದ್ದವೆಂದು ಆಯೋಗ ಕಂಡುಕೊಂಡಿತು. ಆ ಕಾಲದಲ್ಲಿ ಸೇವೆಯಲ್ಲಿದ್ದ ಎಷ್ಟೋ ಮಂದಿ ನಂತರ ಪುಸ್ತಕ ಬರೆದರು. ದೆಹಲಿಯ ಒತ್ತಡ, ಸಂಜಯ ಗಾಂಧಿಯವರ ದರ್ಪ, ಸಹೋದ್ಯೋಗಿಗಳ ಹೇಡಿತನ ಇವೆಲ್ಲ ಆ ಪುಸ್ತಕಗಳಲ್ಲಿ ಬರುತ್ತವೆ. ‘ಇಂಥ ದಿನ ಇಂಥವರ ಬಂಧನದ ಆದೇಶಕ್ಕೆ ನಾನು ಸಹಿ ಮಾಡಿದೆ; ಕಾರಣ ಓದಿರಲಿಲ್ಲ’ ಎಂದು ನೇರವಾಗಿ ಬರೆದ ಪುಟವನ್ನು ನಾನು ಹುಡುಕುತ್ತಲೇ ಇದ್ದೇನೆ. ಅದು ಸಿಕ್ಕಿದ್ದರೆ ಒಬ್ಬ ಸಾಮಾನ್ಯ, ಓದಿದ, ಸಂಸಾರಸ್ಥ ಮನುಷ್ಯ ಅಂಥ ಕಾಗದಕ್ಕೆ ಹೇಗೆ ಸಹಿ ಹಾಕುತ್ತಾನೆಂಬುದು ನಮಗೆ ತಿಳಿಯುತ್ತಿತ್ತು. ಯಾವ ಆಯೋಗದ ವರದಿಯಿಂದಲೂ ಅದು ತಿಳಿಯದು.

ಅದೇ ಕಾಲಕ್ಕೆ ಸೇರಿದ ಎರಡು ಪುಸ್ತಕಗಳನ್ನು ಜೊತೆಗಿಟ್ಟು ಓದಲು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪ್ರಧಾನಿ ಇಂದಿರಾ ಗಾಂಧಿಯವರ ಕಾರ್ಯದರ್ಶಿಯಾಗಿದ್ದ ಪಿ.ಎನ್. ಧರ್ 2000ದಲ್ಲಿ, ಇಪ್ಪತ್ತೈದು ವರ್ಷ ಕಳೆದ ಮೇಲೆ, ಶಾಂತವಾಗಿ ಯೋಚಿಸಿ ಬರೆದ ಪುಸ್ತಕ ಒಂದು. ಅದೇ ಸಚಿವಾಲಯದಲ್ಲಿ ಜಂಟಿ ಕಾರ್ಯದರ್ಶಿಯಾಗಿದ್ದ ಬಿ.ಎನ್. ಟಂಡನ್ ಅಂದಂದೇ ಬರೆದಿಟ್ಟು ಬಹಳ ತಡವಾಗಿ ಪ್ರಕಟಿಸಿದ ದಿನಚರಿ ಇನ್ನೊಂದು. ಧರ್ ಅವರ ಪುಸ್ತಕದಲ್ಲಿ ಕಾರಣಗಳ ಸರಣಿ ಚೆನ್ನಾಗಿ ಕಟ್ಟಿಕೊಂಡಿದೆ. ಎಲ್ಲವೂ ಜೂನ್ 25ರ ರಾತ್ರಿಯ ಕಡೆಗೆ ಸಾಗುತ್ತದೆ. ಟಂಡನ್ನರಿಗೆ ನಾಳೆ ಏನೆಂದು ಗೊತ್ತಿಲ್ಲ. ಅವರಿಗೂ ತಮ್ಮ ಇಷ್ಟಾನಿಷ್ಟಗಳಿವೆ, ಅವು ಬರವಣಿಗೆಯ ಮೇಲೆಯೇ ತೇಲುತ್ತವೆ. ಆದರೆ ಮುಂದೆ ನಡೆದದ್ದನ್ನು ತಿಳಿದು ಹಿಂದಿನದನ್ನು ತಿದ್ದುವ ಅವಕಾಶ ದಿನಚರಿಗಿಲ್ಲ. ವಿವೇಚನೆಗೆ ನೆನಪಿನ ಪುಸ್ತಕ, ಸಾಕ್ಷ್ಯಕ್ಕೆ ದಿನಚರಿ ಎಂದು ನಾನು ಆಯ್ದುಕೊಳ್ಳುತ್ತೇನೆ.

ಖಾಸಗಿ ಮಾತುಕತೆಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ‘ಅವರು ನನ್ನೊಬ್ಬನಿಗೇ ಹೇಳಿದರು’ ಎಂಬ ವಾಕ್ಯಕ್ಕೆ ಇರುವುದು ಒಂದೇ ಸಾಕ್ಷಿ. ಮಹಾಲೇಖಪಾಲರಾಗಿದ್ದ ವಿನೋದ್ ರಾಯ್ 2014ರಲ್ಲಿ ತಮ್ಮ ಪುಸ್ತಕ ಬಂದ ಸಂದರ್ಭದ ಸಂದರ್ಶನಗಳಲ್ಲಿ, 2ಜಿ ವರದಿಯಿಂದ ಪ್ರಧಾನಿಯ ಹೆಸರು ಕೈಬಿಡುವಂತೆ ಒತ್ತಡ ತಂದವರಲ್ಲಿ ಸಂಸದ ಸಂಜಯ್ ನಿರುಪಮ್ ಒಬ್ಬರೆಂದು ಹೇಳಿದ್ದರು. ಮಾನನಷ್ಟ ಮೊಕದ್ದಮೆಯ ನಂತರ 2021ರಲ್ಲಿ ಆ ಮಾತು ವಾಸ್ತವಕ್ಕೆ ವಿರುದ್ಧವೆಂದು ಒಪ್ಪಿ ಬೇಷರತ್ ಕ್ಷಮೆ ಕೇಳಿದರು. ಹೆಸರಿಸಿದವರು ಬದುಕಿದ್ದು, ನ್ಯಾಯಾಲಯಕ್ಕೆ ಹೋಗುವ ಶಕ್ತಿಯೂ ಇದ್ದದ್ದರಿಂದ ಅದು ತಿದ್ದಿಕೊಂಡಿತು. ಪುಸ್ತಕಗಳಲ್ಲಿ ಬರುವ ಬಹುಪಾಲು ಮಾತುಗಳು ತೀರಿಕೊಂಡವರದ್ದು.

ಕಾನೂನಿನ ಕಟ್ಟಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ. ಹೊರದೇಶಗಳ ಬೇಹುಗಾರಿಕೆ ನೋಡಿಕೊಳ್ಳುವ ಭಾರತದ ಗುಪ್ತಚರ ಸಂಸ್ಥೆ ‘ರಾ’ದಲ್ಲಿ ಕೆಲಸ ಮಾಡಿದ್ದ ಮೇಜರ್ ಜನರಲ್ ವಿ.ಕೆ. ಸಿಂಗ್ 2007ರಲ್ಲಿ ಪುಸ್ತಕ ಬರೆದಾಗ ಅವರ ಮನೆಯ ಶೋಧವಾಗಿ ಮೊಕದ್ದಮೆ ಹೂಡಲಾಯಿತು. 2021ರ ಮೇ ತಿಂಗಳಲ್ಲಿ ಕೇಂದ್ರದ ಪಿಂಚಣಿ ನಿಯಮಗಳನ್ನು ತಿದ್ದಿ, ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ಆ ಸಂಸ್ಥೆಯ ಕಾರ್ಯಕ್ಷೇತ್ರದ ಬಗ್ಗೆ ಪೂರ್ವಾನುಮತಿಯಿಲ್ಲದೆ ಏನನ್ನೂ ಪ್ರಕಟಿಸಬಾರದೆಂದು ಮಾಡಲಾಯಿತು. ದೇಶದ ಭದ್ರತೆಗೆ ಕೆಲವು ಸಂಗತಿಗಳು ಗುಟ್ಟಾಗಿರಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೇಹುಗಾರಿಕೆಯ ಹತ್ತಿರವೂ ಸುಳಿಯದ ನೀರಾವರಿ, ಆಹಾರ, ಶಿಕ್ಷಣ ಇಲಾಖೆಗಳವರು ಕೂಡ ‘ಗೋಪ್ಯತೆಯ ದೃಷ್ಟಿಯಿಂದ ಹೆಚ್ಚು ಬರೆಯಲಾರೆ’ ಎಂದು ಅಧ್ಯಾಯ ಮುಗಿಸುವುದನ್ನು ಒಪ್ಪಲಾರೆ. ಅಲ್ಲಿ ಕಾಯುತ್ತಿರುವುದು ರಾಷ್ಟ್ರದ ಗುಟ್ಟನ್ನಲ್ಲ.

ಈ ಪುಸ್ತಕಗಳಲ್ಲಿ ಕಾಣದವರ ಬಗ್ಗೆಯೂ ಹೇಳಬೇಕು. ಜಿಲ್ಲಾಧಿಕಾರಿಯ ಪುಸ್ತಕದಲ್ಲಿ ಮುಖ್ಯಮಂತ್ರಿಗಳಿಗೆ, ಮಂತ್ರಿಗಳಿಗೆ, ಹಿರಿಯ ಅಧಿಕಾರಿಗಳಿಗೆ ಹೆಸರಿರುತ್ತದೆ. ಗ್ರಾಮಲೆಕ್ಕಿಗರಿಗೆ, ಜವಾನರಿಗೆ, ವಾಹನ ಚಾಲಕರಿಗೆ, ಅರ್ಜಿ ಹಿಡಿದು ಬಂದವರಿಗೆ ಹೆಸರಿರುವುದಿಲ್ಲ. ‘ಒಬ್ಬ ಬಡ ಮುದುಕಿ’ ಬರುತ್ತಾಳೆ, ಅಧಿಕಾರಿಯ ದಯೆಯನ್ನು ತೋರಿಸಿ ಹೋಗುತ್ತಾಳೆ. ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದ ನವರತ್ನ ರಾಮರಾಯರು ಕನ್ನಡದಲ್ಲಿಯೇ ಬರೆದ ‘ಕೆಲವು ನೆನಪುಗಳು’ ಇಂದಿಗೂ ಓದಿಸಿಕೊಳ್ಳುವುದು, ಅದರಲ್ಲಿ ತಾಲ್ಲೂಕಿನ ಜನ ತಮ್ಮದೇ ಮಾತು, ತಮ್ಮದೇ ಹಟ ಹೊತ್ತು ಬರುತ್ತಾರೆಂಬ ಕಾರಣಕ್ಕೆ. ಇಂಗ್ಲಿಷಿನಲ್ಲಿ, ದೆಹಲಿಯ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದ ಎಷ್ಟೋ ಕನ್ನಡ ನಾಡಿನ ಅಧಿಕಾರಿಗಳ ಪುಸ್ತಕಗಳಲ್ಲಿ ಅವರು ಆಳಿದ ಜಿಲ್ಲೆಯ ಭಾಷೆಯ ಒಂದು ವಾಕ್ಯವೂ ಕಿವಿಗೆ ಬೀಳುವುದಿಲ್ಲ.

ಇನ್ನು ನಿಮ್ಮ ಅಣ್ಣನವರ ವಿಷಯ. ಅವರು ಬರೆಯುತ್ತಿರುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಕಾರ್ಯದರ್ಶಿಗಳ ಪುಸ್ತಕಗಳು ಸಾಕಷ್ಟಿವೆ, ತಹಶೀಲ್ದಾರರದ್ದು ಬಹಳ ಕಡಿಮೆ. ಮೊದಲು ಹಳೆಯ ಪ್ರವಾಸ ದಿನಚರಿಗಳು, ವರ್ಗಾವಣೆ ಆದೇಶಗಳು, ಮನೆಗೆ ಬರೆದ ಕಾಗದಗಳು ಇದ್ದರೆ ಹುಡುಕಿ ಒಂದೆಡೆ ಇಟ್ಟುಕೊಳ್ಳಲು ಹೇಳಿ. ಬರೆಯುವಾಗ ತಾವು ಕಂಡದ್ದು, ಇತರರಿಂದ ಕೇಳಿದ್ದು, ಈಗ ಊಹಿಸಿದ್ದು ಇವು ಮೂರೂ ಓದುಗರಿಗೆ ಬೇರೆ ಬೇರೆಯಾಗಿ ಕಾಣುವಂತಿರಲಿ. ಜೊತೆಗೆ ಕೆಲಸ ಮಾಡಿದ ಒಬ್ಬರಾದರೂ ಶಿರಸ್ತೇದಾರರಿಗೋ ಗ್ರಾಮಲೆಕ್ಕಿಗರಿಗೋ ಹಸ್ತಪ್ರತಿ ಓದಲು ಕೊಡಲಿ. ಅವರು ಒಪ್ಪದ ಕಡೆ ಅವರ ಮಾತನ್ನೂ ಸೇರಿಸಲಿ.

ಅವರು ಸೇವೆಗೆ ಸೇರಿದ ಕಾಲವೂ ಮುಖ್ಯವಾದದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿಕೊಳ್ಳುತ್ತಿದ್ದ, ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಭೂ ನ್ಯಾಯಮಂಡಳಿಗಳು ಅವನ್ನು ತೀರ್ಮಾನಿಸುತ್ತಿದ್ದ ವರ್ಷಗಳವು. ಆ ಕಡತಗಳಲ್ಲಿ ಅರ್ಜಿ ಇದೆ, ಹೇಳಿಕೆಗಳಿವೆ, ಆದೇಶವಿದೆ. ಗೇಣಿದಾರ ಹೇಳಿಕೆ ಕೊಡುವಾಗ ಧಣಿ ಎದುರಿಗೆ ಕುರ್ಚಿಯಲ್ಲಿ ಕುಳಿತಿದ್ದರೇ, ಆತ ಯಾರ ಮುಖ ನೋಡಿ ಮಾತು ನಿಲ್ಲಿಸಿದ, ಅರ್ಜಿಯನ್ನೇ ಹಾಕದೆ ಊರಿಗೆ ಮರಳಿದವರು ಯಾರು, ಆ ದಿನ ಮೇಜಿನ ಈಚೆ ಕುಳಿತಿದ್ದ ಯುವಕ ಯಾವ ಕಾಗದವನ್ನು ಓದಿ ಮುಂದಕ್ಕೆ ಕಳಿಸಿದ, ಯಾವುದನ್ನು ಓದದೆ ಕಳಿಸಿದ ಎಂಬುದು ಯಾವ ಕಡತದಲ್ಲಿಯೂ ಇಲ್ಲ. ಮೊದಲ ಅಧ್ಯಾಯವನ್ನು ಹುಟ್ಟಿದ ಊರಿನಿಂದ ಆರಂಭಿಸದೆ ಅಲ್ಲಿಂದ ಆರಂಭಿಸಲು ಅಣ್ಣನವರಿಗೆ ಹೇಳಿ.